ಅಮೃತಾಪುರಕ್ಕೊಂದು ಸಮುದಾಯ ಆಹಾರ ಕೇಂದ್ರ: ಗೋದಾಮಿಗಿಂತ ಮೊದಲು ಗಿರಾಕಿ

ತರೀಕೆರೆ ತಾಲ್ಲೂಕಿನ ಅಮೃತಾಪುರ ಎಂದೊಡನೆ ಜನರ ನೆನಪಿಗೆ ಬರುವುದು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯ ಮತ್ತು ಅಲ್ಲಿನ ಶಾಸನಕ್ಕೆ ಪದ್ಯ ರಚಿಸಿದ ಕವಿಚಕ್ರವರ್ತಿ ಜನ್ನ. ದೇವಾಲಯದ ಅಂಗಳದಿಂದ ಹೊರಗೆ ಕಣ್ಣು ಹಾಯಿಸಿದರೆ ಕಾಣುವುದು ತೆಂಗು ಮತ್ತು ಅಡಿಕೆಯ ತೋಟಗಳು. ವರ್ತಕರ ದೃಷ್ಟಿಯಲ್ಲಿ ಇದು ಸಮೃದ್ಧಿಯ ನೋಟವೇ ಸರಿ. ಆದರೆ ಅಡಿಕೆಗೆ ಊಟದಲ್ಲಿ ಸ್ಥಾನ ದೊರೆಯುವುದು ಊಟ ಮುಗಿದ ಮೇಲೆ. ಎಲೆಯ ಮೇಲೆ ಮೊದಲು ಬೀಳಬೇಕಾದ ಪಲ್ಯ, ಸೊಪ್ಪು, ಬೇಳೆಗಳಿಗೆ ತೋಟದ ಊರು ಪೇಟೆಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಇದೇ ಸೀಮೆಯ ಇನ್ನೊಂದು ಮಗ್ಗುಲು ಬೇರೆಯೇ ಆಗಿದೆ. ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರ ಮತ್ತು ಅದಕ್ಕೆ ತಾಗಿದ ಕಡೂರಿನ ಬಯಲಿನಲ್ಲಿ ರಾಗಿ ಮತ್ತು ಈರುಳ್ಳಿ ಬೆಳೆಯುತ್ತವೆ. ಪಶ್ಚಿಮಕ್ಕೆ ಲಕ್ಕವಳ್ಳಿಯ ಭದ್ರಾ ಜಲಾಶಯ, ಅದರಾಚೆ ಮಲೆನಾಡಿನ ಬಾಳೆ, ಹಲಸು, ಮೆಣಸು. ಹೀಗೆ ಒಂದೆರಡು ಗಂಟೆಯ ಪ್ರಯಾಣದೊಳಗೆ ಒಂದು ಕುಟುಂಬದ ಅಡುಗೆಮನೆಗೆ ಬೇಕಾದ ಬಹುಪಾಲು ಪದಾರ್ಥ ಬೆಳೆಯುವ ಪ್ರದೇಶವಿದು. ಇಲ್ಲಿನ ಕೊರತೆ ಪದಾರ್ಥದ್ದಲ್ಲ. ಬೆಳೆದವನ ಬುಟ್ಟಿಯಿಂದ ನೆರೆಯೂರಿನ ಒಲೆಯವರೆಗೆ ಅದನ್ನು ನಿಯತವಾಗಿ ಸಾಗಿಸುವ ವ್ಯವಸ್ಥೆ ಇಲ್ಲದಿರುವುದೇ ಕೊರತೆ. ದೂರದ ಸಗಟು ಪೇಟೆಗೆ ಹೋಗಿ, ಅಲ್ಲಿ ಹರಾಜಾಗಿ, ಎರಡು ಕೈ ಬದಲಾಗಿ, ಮತ್ತೆ ಅದೇ ರಸ್ತೆಯಲ್ಲಿ ಹಿಂದಿರುಗುವ ತರಕಾರಿಗೆ ಎರಡು ಬಾಡಿಗೆ, ಎರಡು ಹಮಾಲಿ ಮತ್ತು ಒಂದು ದಿನದ ಬಾಡುವಿಕೆ ತಗಲುತ್ತದೆ. ಇದರ ವೆಚ್ಚವನ್ನು ಹೊರುವವರು ಕೊಳ್ಳುವ ಗೃಹಿಣಿ ಮತ್ತು ಬೆಳೆದ ರೈತ, ಇಬ್ಬರೂ.

ಈ ನಡುವಣ ಕಂದಕವನ್ನು ತುಂಬಲು ಹಲವು ದೇಶಗಳಲ್ಲಿ ರೂಪಿಸಿರುವ ಏರ್ಪಾಡಿಗೆ ‘ಫುಡ್ ಹಬ್’ ಅಥವಾ ಸಮುದಾಯ ಆಹಾರ ಕೇಂದ್ರ ಎನ್ನುತ್ತಾರೆ. ಅನೇಕ ಸಣ್ಣ ಬೆಳೆಗಾರರಿಂದ ಸರಕನ್ನು ಒಂದೆಡೆ ಕೂಡಿಸಿ, ತೂಗಿ, ದರ್ಜೆ ಮಾಡಿ, ಸುತ್ತಲಿನ ಶಾಲೆ, ಹಾಸ್ಟೆಲು, ಹೋಟೆಲು, ಅಂಗಡಿಗಳಿಗೆ ಗೊತ್ತಾದ ದಿನ, ಗೊತ್ತಾದ ದರದಲ್ಲಿ ತಲುಪಿಸುವುದು ಇದರ ಕೆಲಸ. ಸಂತೆಗೂ ಇದಕ್ಕೂ ಇರುವ ಅಂತರ ಇಷ್ಟೇ: ಸಂತೆಯಲ್ಲಿ ಸರಕು ಬಂದ ಮೇಲೆ ಗಿರಾಕಿಯನ್ನು ಹುಡುಕುತ್ತಾರೆ, ಆಹಾರ ಕೇಂದ್ರದಲ್ಲಿ ಗಿರಾಕಿ ಗೊತ್ತಾದ ಮೇಲೆ ಸರಕನ್ನು ಕರೆಸುತ್ತಾರೆ.

ಆರು ಕಿಲೋ ತರಕಾರಿಯ ಸಮಸ್ಯೆ

ಸ್ಥಳೀಯ ಆಹಾರ ಪೂರೈಕೆಯ ತೊಡಕು ಎಲ್ಲಿದೆ ಎಂಬುದನ್ನು ತಿಳಿಯಲು ಒಂದು ಹಳ್ಳಿ ಶಾಲೆಯ ಬಿಸಿಯೂಟದ ಲೆಕ್ಕ ಸಾಕು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ನಂತರ ರಾಜ್ಯಾದ್ಯಂತ ವಿಸ್ತರಿಸಿದ ‘ಅಕ್ಷರ ದಾಸೋಹ’ ಕಾರ್ಯಕ್ರಮದಲ್ಲಿ ಧಾನ್ಯವು ಸರ್ಕಾರದಿಂದ ಬರುತ್ತದೆ. ತರಕಾರಿಯನ್ನು ಶಾಲೆಯೇ ಕೊಳ್ಳಬೇಕು. ಬಿಸಿಯೂಟದ ಮಾನದಂಡದಂತೆ ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕ ಮಗುವಿಗೆ 75 ಗ್ರಾಂ ತರಕಾರಿ ಸಲ್ಲಬೇಕು. ಕಿರಿಯರು 60, ಹಿರಿಯರು 40 ಮಂದಿ ಇರುವ ನೂರು ಮಕ್ಕಳ ಶಾಲೆಗೆ ಆಗ ಬೇಕಾಗುವುದು ದಿನಕ್ಕೆ ಆರು ಕಿಲೋ.

ಆರು ಕಿಲೋ ತರಕಾರಿಗಾಗಿ ಯಾವ ಸಗಟು ವರ್ತಕನೂ ವಾಹನ ತಿರುಗಿಸುವುದಿಲ್ಲ. ಬೆಳೆಗಾರನೂ ಅಷ್ಟನ್ನೇ ಕಿತ್ತು ತಂದುಕೊಡಲಾರ. ಅವನ ಹೊಲದಲ್ಲಿ ಬದನೆ ಬಂದರೆ ಒಮ್ಮೆಗೆ ನಾಲ್ಕು ಚೀಲ ಬರುತ್ತದೆ, ಬಾರದಿದ್ದರೆ ಒಂದು ಕಾಯಿಯೂ ಇಲ್ಲ. ಆದ್ದರಿಂದ ಶಾಲೆಯವರು ವಾರಕ್ಕೊಮ್ಮೆ ಸಂತೆಯಲ್ಲಿ ಕೊಳ್ಳುತ್ತಾರೆ. ವಾರದ ಕೊನೆಗೆ ಉಳಿಯುವುದು ಕೆಡದೆ ಇರುವ ಆಲೂಗಡ್ಡೆ, ಈರುಳ್ಳಿ, ಕುಂಬಳ ಮಾತ್ರ. ಸೊಪ್ಪಿನ ಸಾರು ಸಂತೆಯ ಮಾರನೆಯ ದಿನಕ್ಕೆ ಮೀಸಲು. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದಿನವೊಂದಕ್ಕೆ 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು ಇರಬೇಕೆನ್ನುತ್ತದೆ. ಆ ಗುರಿಗೂ ಹಳ್ಳಿಯ ತಟ್ಟೆಗೂ ನಡುವಿನ ದೂರವನ್ನು ಬಡತನವೊಂದರ ತಲೆಗೇ ಕಟ್ಟಲಾಗದು. ದುಡ್ಡಿದ್ದರೂ ಬುಧವಾರ ಸೊಪ್ಪು ಸಿಗದ ಊರುಗಳಿವೆ.

ಅಂತಹ ಇಪ್ಪತ್ತು ಶಾಲೆಗಳನ್ನು ಒಂದೇ ಪಟ್ಟಿಗೆ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಆರು ಕಿಲೋ 120 ಕಿಲೋ ಆಗುತ್ತದೆ. 120 ಕಿಲೋ ಎಂದರೆ ರೈತನಿಗೆ ಒಂದು ಕೊಯ್ಲು, ವಾಹನಕ್ಕೆ ಒಂದು ಸುತ್ತು. ಆಹಾರ ಕೇಂದ್ರದ ಹುಟ್ಟು ಈ ಕೂಡಿಕೆಯಲ್ಲಿದೆ, ಗೋದಾಮಿನಲ್ಲಿ ಅಲ್ಲ. ಬ್ರೆಜಿಲ್ ದೇಶವು ಇದನ್ನು ಕಾನೂನಿನ ಮೂಲಕವೇ ಸಾಧಿಸಹೊರಟಿತು. ಅಲ್ಲಿ 2009ರ ಶಾಸನವು ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಕುಟುಂಬ ಕೃಷಿಕರಿಂದ ಕೊಳ್ಳುವುದಕ್ಕೆ ಬಳಸಬೇಕೆಂದು ವಿಧಿಸಿತು. ಶಾಲೆಯೆಂಬ ನಿಶ್ಚಿತ ಗಿರಾಕಿ ದೊರೆತಾಗ ರೈತರು ಒಗ್ಗೂಡಲು ಕಾರಣವೂ ದೊರೆಯಿತು.

ಬೆಂಗಳೂರಿನ ಎರಡು ಪಾಠಗಳು

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1959ರಲ್ಲಿ, ಅಂದಿನ ತೋಟಗಾರಿಕೆಯ ಮುಂದಾಳು ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಮಾರಾಟ ಸಂಘವನ್ನು ಕಟ್ಟಿದರು. ದ್ರಾಕ್ಷಿ ಬೇಗ ಕೆಡುವ ಹಣ್ಣು. ದಲ್ಲಾಳಿ ಸಂಜೆಯವರೆಗೆ ಕಾಯಿಸಿದರೆ ಬೆಳೆಗಾರ ಹೇಳಿದ ಬೆಲೆಗೆ ಒಪ್ಪಲೇಬೇಕು. ಈ ಸಂಘವೇ ಮುಂದೆ ಎಲ್ಲ ಹಣ್ಣು ತರಕಾರಿಗಳಿಗೆ ವಿಸ್ತರಿಸಿ ‘ಹಾಪ್‌ಕಾಮ್ಸ್’ ಎಂದು ಮನೆಮಾತಾಯಿತು. ನಗರದ ಮಧ್ಯಮ ವರ್ಗಕ್ಕೆ ಪರಿಚಯವಿರುವುದು ಅದರ ರಸ್ತೆ ಬದಿಯ ಮಳಿಗೆಗಳು ಮತ್ತು ಎಲ್ಲ ಮಳಿಗೆಗಳಲ್ಲೂ ಅಂದಂದಿಗೆ ಒಂದೇ ಆಗಿರುವ ದರಪಟ್ಟಿ. ವ್ಯಾಪಾರಸ್ಥರು ಗಮನಿಸಬೇಕಾದ ಭಾಗ ಅದರ ಹಿಂದಿದೆ: ಆಸ್ಪತ್ರೆ, ಹಾಸ್ಟೆಲು, ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಮಾಡುವ ಸಗಟು ಪೂರೈಕೆ. ಮಳಿಗೆಯ ಗಿರಾಕಿ ಮಳೆ ಬಂದರೆ ಬರುವುದಿಲ್ಲ. ಆಸ್ಪತ್ರೆಯ ಅಡುಗೆಮನೆಗೆ ರಜೆಯಿಲ್ಲ.

ಹಾಪ್‌ಕಾಮ್ಸ್‌ನ ಇತಿಹಾಸ ಏರುಗತಿಯದ್ದಷ್ಟೇ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಅನೇಕ ಮಳಿಗೆಗಳು ಮುಚ್ಚಿವೆ, ಖಾಸಗಿ ಸರಣಿ ಅಂಗಡಿಗಳೂ ಮೊಬೈಲ್ ಮೂಲಕ ಮನೆಗೆ ತಲುಪಿಸುವವರೂ ಗಿರಾಕಿಗಳನ್ನು ಸೆಳೆದಿದ್ದಾರೆ. ಇಂತಹ ಯಾವುದೇ ಸಂಸ್ಥೆಯನ್ನು ಒಳಗಿನಿಂದ ಕೊರೆಯುವ ಇನ್ನೊಂದು ರೋಗವೂ ಉಂಟು. ಬಿತ್ತನೆಗೆ ಮುಂಗಡ ಕೊಟ್ಟ ಮಂಡಿಯವನಿಗೆ ರೈತನು ಮೊದಲ ದರ್ಜೆಯ ಮಾಲನ್ನು ಕೊಟ್ಟು, ಉಳಿದದ್ದನ್ನು ಸಂಘಕ್ಕೆ ತರುತ್ತಾನೆ. ಇದಕ್ಕಾಗಿ ರೈತನನ್ನು ದೂರಿ ಫಲವಿಲ್ಲ. ಹಣ ಎಲ್ಲಿಂದ ಮೊದಲು ಬಂತೋ ಮಾಲು ಅಲ್ಲಿಗೆ ಮೊದಲು ಹೋಗುತ್ತದೆ.

ಎರಡನೆಯ ಪಾಠ ಬೆಂಗಳೂರಿನ ಹೊರವಲಯದ ಕಣ್ಣಮಂಗಲದ್ದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು 2003ರಲ್ಲಿ ಅಲ್ಲಿ ‘ಸಫಲ್’ ಹಣ್ಣು ತರಕಾರಿ ಹರಾಜು ಮಾರುಕಟ್ಟೆಯನ್ನು ತೆರೆಯಿತು. ಶೀತಲ ಕೊಠಡಿ, ಬಾಳೆ ಮಾಗಿಸುವ ಕೋಣೆ, ವಿಶಾಲವಾದ ಹರಾಜು ಸಭಾಂಗಣ, ಎಲ್ಲವೂ ಅಂದಿನ ದೇಶದ ಅತ್ಯುತ್ತಮ ಮಾದರಿಯವು. ಆವಕ ಮಾತ್ರ ಯೋಜಿಸಿದ ಸಾಮರ್ಥ್ಯದ ಸಣ್ಣ ಪಾಲಿಗೇ ನಿಂತಿತು. ಹಳೆಯ ಪೇಟೆಯಲ್ಲಿ ಸಾಲ, ಪರಿಚಯ, ನೂರಾರು ಖರೀದಿದಾರರು ಒಂದೇ ಗಲ್ಲಿಯಲ್ಲಿ ಸಿಗುವಾಗ ನಯವಾದ ಕಟ್ಟಡವೊಂದಕ್ಕಾಗಿ ವ್ಯಾಪಾರ ಸ್ಥಳ ಬದಲಿಸುವುದಿಲ್ಲ. ಬೃಹತ್ ಸಂಸ್ಥೆಗೇ ಹೀಗಾದ ಮೇಲೆ, ಹೋಬಳಿ ಮಟ್ಟದಲ್ಲಿ ಸಹಾಯಧನ ನಂಬಿ ಮೊದಲು ಶೈತ್ಯಾಗಾರ ಕಟ್ಟುವವರು ಎರಡು ಬಾರಿ ಯೋಚಿಸಬೇಕು.

ಅಡಿಕೆ ಸೀಮೆಗೆ ಹೆಚ್ಚು ಹತ್ತಿರದ ನಿದರ್ಶನ ಶಿರಸಿಯದು. 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿ ಅಡಿಕೆ ವಿಕ್ರಿಯಿಂದ ಬೆಳೆದು, ಸದಸ್ಯರ ಮನೆಗೆ ಬೇಕಾದ ದಿನಸಿಯನ್ನೂ ಸೂಪರ್ ಮಾರ್ಕೆಟ್ ಮೂಲಕ ಒದಗಿಸುವ ಮಟ್ಟಕ್ಕೆ ಬಂದಿತು. ತೋಟದ ಬೆಳೆಯ ಹಣ ಮತ್ತು ಅಡುಗೆಮನೆಯ ಖರ್ಚು ಒಂದೇ ಸಂಸ್ಥೆಯ ಖಾತೆಯಲ್ಲಿ ಸೇರಿದಾಗ ಗಿರಾಕಿಯೂ ಬೆಳೆಗಾರನೂ ಒಬ್ಬನೇ ಆಗುತ್ತಾನೆ. ತರೀಕೆರೆ ಭಾಗದ ಅಡಿಕೆ ಬೆಳೆಗಾರರ ಸಂಘಗಳು ಈ ದಿಕ್ಕಿನಲ್ಲಿ ಯೋಚಿಸಲು ಅವಕಾಶವಿದೆ.

ವಾಹನ ತುಂಬಬೇಕು

ಅಮೃತಾಪುರ ಹೋಬಳಿಯನ್ನು ನಡುವಿಟ್ಟುಕೊಂಡು ಒಂದು ಲೆಕ್ಕ ಹಾಕಿ ನೋಡಬಹುದು. ಇಲ್ಲಿನ ದರಗಳೂ ಸಂಖ್ಯೆಗಳೂ ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಂಡವು; ಸ್ಥಳದ ದರವನ್ನು ಹಾಕಿ ತಿದ್ದಿಕೊಳ್ಳುವುದು ಓದುಗರ ಕೆಲಸ. ಇಪ್ಪತ್ತು ಶಾಲೆಗಳಿಂದ 120 ಕಿಲೋ. ಹಾಸ್ಟೆಲುಗಳಲ್ಲಿ ಒಟ್ಟು 300 ವಿದ್ಯಾರ್ಥಿಗಳಿದ್ದು ತಲಾ 200 ಗ್ರಾಂ ಹಿಡಿದರೆ 60 ಕಿಲೋ. ಹೋಟೆಲು ಮತ್ತು ಕಿರಾಣಿ ಅಂಗಡಿಗಳಿಂದ 70 ಕಿಲೋ. ಒಟ್ಟು 250 ಕಿಲೋ. ಕಿಲೋಗೆ ಸರಾಸರಿ ರೂ. 30ಕ್ಕೆ ಮಾರಿ ರೈತನಿಗೆ ರೂ. 22 ಕೊಟ್ಟರೆ ಕೇಂದ್ರಕ್ಕೆ ಉಳಿಯುವುದು ರೂ. 8, ದಿನಕ್ಕೆ ರೂ. 2,000. ವಾಹನದ ಬಾಡಿಗೆ ದಿನಕ್ಕೆ ರೂ. 1,500. ಖರೀದಿಯ ಶೇಕಡಾ 5ರಷ್ಟು ಕೊಳೆತು ಹೋದರೆ ಮತ್ತೆ ರೂ. 275. ಉಳಿದ ರೂ. 225 ಒಬ್ಬ ಆಳಿನ ಕೂಲಿಗೂ ಸಾಲದು.

ಮುಕ್ಕಾಲು ಟನ್ ಹೊರುವ ಸಣ್ಣ ಸರಕು ವಾಹನ ಮೂರನೆಯ ಒಂದು ಭಾಗ ಮಾತ್ರ ತುಂಬಿ ತಿರುಗುತ್ತಿರುವುದೇ ಈ ನಷ್ಟದ ಮೂಲ. ಅದೇ ವಾಹನದಲ್ಲಿ ಇನ್ನೊಂದು 250 ಕಿಲೋ ಭಾರದ ಸರಕನ್ನು, ಎಂದರೆ ಅಜ್ಜಂಪುರದ ಕಡೆಯ ಈರುಳ್ಳಿ, ರಾಗಿ ಹಿಟ್ಟು, ತೆಂಗಿನಕಾಯಿ, ಗಾಣದ ಎಣ್ಣೆಗಳನ್ನು ಹಾಕಿ, ಕಿಲೋಗೆ ಕೇವಲ ರೂ. 4 ಉಳಿಸಿದರೂ ದಿನಕ್ಕೆ ರೂ. 1,000 ಸೇರಿ ಉಳಿಕೆ ರೂ. 1,225ಕ್ಕೆ ಏರುತ್ತದೆ. ಸೊಪ್ಪು ಗಿರಾಕಿಯನ್ನು ಕರೆತರುತ್ತದೆ, ಬಾಡಿಗೆಯನ್ನು ತೀರಿಸುವುದು ಈರುಳ್ಳಿ. ಬರೀ ಸಾವಯವ ಸೊಪ್ಪು ತರಕಾರಿಯ ಉತ್ಸಾಹದಲ್ಲಿ ಆರಂಭವಾಗುವ ಕೇಂದ್ರಗಳು ಬೇಗ ಆಯಾಸಗೊಳ್ಳುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು.

ಇನ್ನು ಪಂಚಾಂಗದ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ; ಹಾಸ್ಟೆಲುಗಳೂ ಬರಿದು. ಆದರೆ ಅದೇ ಸಮಯ ಮದುವೆಗಳ ಸುಗ್ಗಿ. ಆಷಾಢದಲ್ಲಿ ಕಲ್ಯಾಣ ಮಂಟಪಗಳು ಬೀಗ ಹಾಕಿರುವಾಗ ಶಾಲೆಗಳು ತೆರೆದಿರುತ್ತವೆ. ಒಂದು ನಿಂತಾಗ ಇನ್ನೊಂದು ನಡೆಯುತ್ತದೆ. ಅಡುಗೆ ಗುತ್ತಿಗೆದಾರರನ್ನೂ ಕಲ್ಯಾಣ ಮಂಟಪಗಳ ವ್ಯವಸ್ಥಾಪಕರನ್ನೂ ಮೊದಲ ಸಭೆಗೇ ಕರೆಯುವುದು ಆದ್ದರಿಂದ ಲೆಕ್ಕದ ಮಾತು. ಒಂದು ಮದುವೆಯ ಪಟ್ಟಿ ಇಪ್ಪತ್ತು ಶಾಲೆಗಳ ಒಂದು ದಿನದ ಬೇಡಿಕೆಯನ್ನು ಸುಲಭವಾಗಿ ಮೀರುತ್ತದೆ. ತಾರೀಖು ತಿಂಗಳುಗಳ ಮೊದಲೇ ಗೊತ್ತಿರುವುದರಿಂದ ಬಿತ್ತನೆಯನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಘಟಕಗಳಿಗೂ ಇದೇ ವಾಹನ, ಇದೇ ಗಿರಾಕಿ.

ಬಾಕಿಯೇ ಮೊದಲ ಬಂಡವಾಳ

ಸರ್ಕಾರಿ ಶಾಲೆ, ಹಾಸ್ಟೆಲುಗಳೊಡನೆ ವ್ಯವಹರಿಸಿದ ಯಾವ ವರ್ತಕರಿಗೂ ಬಿಲ್ಲಿನ ಹಣದ ಗತಿ ತಿಳಿಯದ ಸಂಗತಿಯಲ್ಲ. ಮೇಲಿನ ಲೆಕ್ಕದಲ್ಲಿ ಶಾಲೆ, ಹಾಸ್ಟೆಲುಗಳ ಪಾಲು 180 ಕಿಲೋ, ದಿನಕ್ಕೆ ರೂ. 5,400. ಹಣ ಎರಡು ತಿಂಗಳು ತಡವಾಗಿ, ತಿಂಗಳಿಗೆ 24 ದಿನ ಪೂರೈಕೆಯಾದರೆ ರೂ. 2,59,200 ಬಾಕಿಯಲ್ಲಿ ನಿಲ್ಲುತ್ತದೆ. ಆದರೆ ರೈತನಿಗೆ ಅಂದೇ ಕೊಡಬೇಕು; ಕೊಡದಿದ್ದರೆ ಮೂರನೆಯ ವಾರಕ್ಕೆ ಅವನು ಮಂಡಿಗೆ ಮರಳುತ್ತಾನೆ. ಹೀಗಾಗಿ ಒಂದು ಇಟ್ಟಿಗೆ ಇಡುವ ಮೊದಲೇ ಕೇಂದ್ರಕ್ಕೆ ಎರಡೂವರೆ ಲಕ್ಷಕ್ಕೂ ಮೀರಿದ ದುಡಿಯುವ ಬಂಡವಾಳ ಬೇಕು. 2020ರಲ್ಲಿ ಘೋಷಣೆಯಾದ ಕೃಷಿ ಮೂಲಸೌಕರ್ಯ ನಿಧಿಯು ರೂ. 2 ಕೋಟಿವರೆಗಿನ ಸಾಲದ ಮೇಲೆ ಗರಿಷ್ಠ ಏಳು ವರ್ಷ ಶೇಕಡಾ 3ರ ಬಡ್ಡಿ ರಿಯಾಯಿತಿಯನ್ನು ಗೊತ್ತುಪಡಿಸಿತು. ಅದರ ಉದ್ದೇಶ ಗೋದಾಮು, ವರ್ಗೀಕರಣ ಘಟಕ, ಶೈತ್ಯಾಗಾರಗಳು. ಬಾಕಿ ಬಿಲ್ಲುಗಳಿಗೆ ಅಂತಹ ನಿಧಿಯಿಲ್ಲ. ಸಹಾಯಧನ ಸಿಗುವ ಕಡೆಗೇ ಯೋಜನೆಗಳು ವಾಲುವುದರಿಂದ, ಕಟ್ಟಡ ಎದ್ದು ನಿಂತು ಖರೀದಿಗೆ ಹಣವಿಲ್ಲದ ಸ್ಥಿತಿ ಉಂಟಾಗುತ್ತದೆ.

ಸ್ಥಳೀಯ ವರ್ತಕರ ಪಾತ್ರ ಆರಂಭವಾಗುವುದು ಇಲ್ಲಿ. ಆಹಾರ ಕೇಂದ್ರವೆಂದರೆ ತಮ್ಮ ವ್ಯಾಪಾರಕ್ಕೆ ಕುತ್ತು ಎಂಬ ಅಳುಕು ಪೇಟೆಯಲ್ಲಿ ಸಹಜ. 1999ರ ಜನವರಿ 26ರಂದು ಆಂಧ್ರದಲ್ಲಿ ‘ರೈತು ಬಜಾರ್’, ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನಲ್ಲಿ ‘ಉಳವರ್ ಸಂದೈ’ ಆರಂಭವಾದಾಗ ಅವುಗಳ ಘೋಷಿತ ಉದ್ದೇಶವೇ ಮಧ್ಯವರ್ತಿಯನ್ನು ದೂರವಿಡುವುದಾಗಿತ್ತು. ಜನ ದಟ್ಟವಾಗಿರುವ ಪಟ್ಟಣದಲ್ಲಿ ರೈತನೇ ಕುಳಿತು ಮಾರುವುದು ಸಾಧ್ಯ. ಚದುರಿದ ಹಳ್ಳಿಗಳ ನಡುವೆ ಅದು ನಡೆಯದು. ರೈತ ಮಾರಲು ಕುಳಿತರೆ ನೀರು ಕಟ್ಟುವವರಾರು? ಸಾಲ ಕೊಟ್ಟು ವಸೂಲು ಮಾಡುವ ಬಲ್ಲವಿಕೆ, ಮಾಲಿನ ಕಣ್ಣಂದಾಜು, ಲೆಕ್ಕ ಇಡುವ ಶಿಸ್ತು, ಇವು ಇರುವುದು ವರ್ತಕನಲ್ಲೇ. ಅವನನ್ನು ಹೊರಗಿಟ್ಟು ಕಟ್ಟುವ ಕೇಂದ್ರವು ಈ ವಿದ್ಯೆಯನ್ನು ಸಂಬಳ ಕೊಟ್ಟು ಕೊಳ್ಳಬೇಕಾಗುತ್ತದೆ, ಇಲ್ಲವೇ ನಷ್ಟಪಟ್ಟು ಕಲಿಯಬೇಕಾಗುತ್ತದೆ. ಕಿರಾಣಿ ಅಂಗಡಿಯವರಿಗಂತೂ ಕೇಂದ್ರದಿಂದ ಲಾಭವೇ: ಮುಂಜಾನೆ ಅಂಗಡಿ ಬಿಟ್ಟು ಪೇಟೆಗೆ ಹೋಗುವ ತಾಪತ್ರಯ ತಪ್ಪಿ, ಬಾಗಿಲಿಗೆ ಬಂದ ಎರಡು ಕ್ರೇಟು ತರಕಾರಿಯಿಂದ ದಿನಸಿಯ ಗಿರಾಕಿಯೂ ಹೆಚ್ಚುತ್ತದೆ.

ಸಂಸ್ಥೆಯ ಸ್ವರೂಪವನ್ನು ಆರಿಸುವಾಗ ಈ ಅಂಶ ಮುಖ್ಯ. ಕಂಪನಿ ಕಾನೂನಿನಡಿಯ ಉತ್ಪಾದಕರ ಕಂಪನಿಯಲ್ಲಿ ಪ್ರಾಥಮಿಕ ಉತ್ಪಾದಕರು ಮತ್ತು ಅವರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ವರ್ತಕರಿಗೆ ಅಲ್ಲಿ ಪಾಲು ಬಂಡವಾಳ ಹೂಡಲು ಎಡೆಯಿಲ್ಲ. ಬೆಳೆಗಾರರು, ಅಂಗಡಿಯವರು, ಸಣ್ಣ ಉದ್ದಿಮೆದಾರರು ಒಂದೇ ಸೂರಿನಡಿ ಕೂಡಬೇಕಾದರೆ 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯ ಕೆಳಗೆ ನೋಂದಾಯಿಸುವುದು ಪರಿಶೀಲನೆಗೆ ಯೋಗ್ಯವಾದ ದಾರಿ. ಈಗಾಗಲೇ ರೈತರ ಉತ್ಪಾದಕ ಸಂಸ್ಥೆ ಇರುವ ಕಡೆ ಅದು ಸಂಗ್ರಹಣೆಯನ್ನೂ ವರ್ತಕರ ಸಂಸ್ಥೆ ವಿತರಣೆಯನ್ನೂ ವಹಿಸಿಕೊಂಡು ಕರಾರು ಮಾಡಿಕೊಳ್ಳಬಹುದು. ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ಅಧಿಸೂಚಿತವಾದ ಸರಕು ಯಾವುದು, ಶುಲ್ಕವೆಷ್ಟು ಎಂಬುದನ್ನು ಸಂಬಂಧಪಟ್ಟ ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಲಿಖಿತವಾಗಿ ಪಡೆದುಕೊಂಡೇ ಮುಂದುವರಿಯಬೇಕು.

ತೂಕ, ಕ್ರೇಟು, ಪೊಟ್ಟಣ

ರೈತನ ವಿಶ್ವಾಸ ಗಳಿಸಲು ಭಾಷಣಕ್ಕಿಂತ ತಕ್ಕಡಿ ಹೆಚ್ಚು ಉಪಯುಕ್ತ. ‘ಸೂಟು’ ಎಂದು ಚೀಲಕ್ಕೆ ಇಷ್ಟು ಕಿಲೋ ಮುರಿದುಕೊಳ್ಳುವ ಪದ್ಧತಿಯಿಂದ ಬೇಸತ್ತವನು, ಮುದ್ರೆಯೊತ್ತಿದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕಣ್ಣೆದುರೇ ಪೂರ್ಣ ತೂಕ ಬಿದ್ದು ಚೀಟಿ ಕೈಗೆ ಬಂದರೆ, ಕಿಲೋಗೆ ಒಂದು ರೂಪಾಯಿ ಕಡಿಮೆಯಾದರೂ ಮರುದಿನ ಬರುತ್ತಾನೆ. ಗೋಣಿಚೀಲದ ಬದಲು ಪ್ಲಾಸ್ಟಿಕ್ ಕ್ರೇಟು ಬಳಸಿದರೆ ಟೊಮೊಟೊ ನಜ್ಜುಗುಜ್ಜಾಗುವುದು ತಪ್ಪುತ್ತದೆ. ಕ್ರೇಟುಗಳು ಹಿಂದಿರುಗುವಂತೆ ಠೇವಣಿ ಪದ್ಧತಿ ಇಡದಿದ್ದರೆ ಮಾತ್ರ ಮೂರು ತಿಂಗಳಲ್ಲಿ ಅವು ಊರಿನ ಬಚ್ಚಲುಮನೆಗಳನ್ನು ಸೇರುತ್ತವೆ.

ಒಂದು ರಾತ್ರಿ ಸೊಪ್ಪು ತರಕಾರಿ ಇಡಲು ದೊಡ್ಡ ಶೈತ್ಯಾಗಾರ ಬೇಕಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆಯು ಎರಡು ಸಾಲು ಇಟ್ಟಿಗೆಯ ನಡುವೆ ಮರಳು ತುಂಬಿ ನೀರು ಹನಿಸುವ ಸರಳ ರಚನೆ. ಬೇಸಿಗೆಯಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ 10ರಿಂದ 15 ಡಿಗ್ರಿಯಷ್ಟು ಕಡಿಮೆಯಿರುತ್ತದೆ, ವಿದ್ಯುತ್ತಿನ ಹಂಗಿಲ್ಲ. ಗಾಳಿ ಒಣಗಿರುವ ಅಜ್ಜಂಪುರ, ಕಡೂರಿನ ಬಯಲಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಮಲೆನಾಡಿನ ಅಂಚಿನಲ್ಲಿ ತೇವದ ಗಾಳಿಯಿಂದಾಗಿ ಅಷ್ಟು ಫಲ ನಿರೀಕ್ಷಿಸಲಾಗದು. ಈರುಳ್ಳಿಗೆ ಬೇಕಾದದ್ದು ಇದಕ್ಕೆ ವಿರುದ್ಧ: ನೆಲದಿಂದ ಮೇಲೆತ್ತಿದ, ಗಾಳಿಯಾಡುವ, ತೇವವಿಲ್ಲದ ಅಟ್ಟ. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಸಣ್ಣ ಉತ್ಪಾದಕರು ತೆರಿಗೆಯ ಒಂದು ಸೂಕ್ಷ್ಮವನ್ನು ಗಮನದಲ್ಲಿಡಬೇಕು. 2022ರ ಜುಲೈ 18ರಿಂದ ಜಾರಿಗೆ ಬಂದ ನಿಯಮದಂತೆ, 25 ಕಿಲೋ ಮೀರದ ಪೊಟ್ಟಣದಲ್ಲಿ ಮೊದಲೇ ಕಟ್ಟಿ ಹೆಸರುಚೀಟಿ ಹಚ್ಚಿದ ಧಾನ್ಯ, ಬೇಳೆ, ಹಿಟ್ಟುಗಳಿಗೆ ಬ್ರಾಂಡ್ ಇರಲಿ ಇಲ್ಲದಿರಲಿ ಶೇಕಡಾ 5ರ ಜಿಎಸ್‌ಟಿ ಅನ್ವಯವಾಯಿತು. ಹಾಸ್ಟೆಲಿನ ಅಡುಗೆಮನೆಗೆ ಹೋಗುವ ರಾಗಿ ಹಿಟ್ಟಿಗೆ ಅಂದದ ಒಂದು ಕಿಲೋ ಪೊಟ್ಟಣ ಬೇಕಿಲ್ಲ. ಬಿಡಿಯಾಗಿ ತೂಗಿಕೊಟ್ಟರೆ ಪೊಟ್ಟಣದ ಖರ್ಚೂ ಉಳಿಯುತ್ತದೆ, ತೆರಿಗೆಯೂ ಬಾರದು. ಪೊಟ್ಟಣವನ್ನು ಅಂಗಡಿಯ ಗಿರಾಕಿಗೆ ಮೀಸಲಿಡಬಹುದು. ಆಹಾರ ಸುರಕ್ಷತೆಯ ನೋಂದಣಿಯಾಗಲಿ ಪರವಾನಗಿಯಾಗಲಿ ಎರಡೂ ಸಂದರ್ಭದಲ್ಲಿ ಕಡ್ಡಾಯ. ಮಕ್ಕಳ ಊಟಕ್ಕೆ ಹೋಗುವ ಪದಾರ್ಥದ ವಿಷಯದಲ್ಲಿ ಇದನ್ನು ಕಾಗದದ ಕೆಲಸವೆಂದು ಬಗೆಯುವುದು ಅಪಾಯಕರ.

ಆರಂಭಕ್ಕೆ ಸೂಕ್ತವಾದ ಕಾಲ ಜೂನ್. ಶಾಲೆಗಳು ತೆರೆಯುವ ಮುನ್ನ ಮುಖ್ಯ ಶಿಕ್ಷಕರು ಮತ್ತು ಹಾಸ್ಟೆಲ್ ಮೇಲ್ವಿಚಾರಕರಿಂದ ವಾರದ ಬೇಡಿಕೆಯ ಪಟ್ಟಿ ಪಡೆದು, ಅದರ ಆಧಾರದ ಮೇಲೆ ಹತ್ತು ಹದಿನೈದು ಬೆಳೆಗಾರರಿಗೆ ಯಾರು ಯಾವ ವಾರ ಏನನ್ನು ಕೊಡಬೇಕೆಂದು ಹಂಚಿಕೊಟ್ಟರೆ ಸಾಕು. ಅಡಿಕೆ ಸಸಿ ಇನ್ನೂ ಎಳೆಯದಿರುವ ತೋಟಗಳ ಸಾಲುಗಳ ನಡುವೆ ಬಿಸಿಲು ಬೀಳುವವರೆಗೂ ತರಕಾರಿಗೆ ಜಾಗವಿದೆ; ಮೊದಲ ಸೊಪ್ಪು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ತರೀಕೆರೆ ಅಥವಾ ಬೀರೂರಿನಲ್ಲಿ ಹೆದ್ದಾರಿಗೆ ಹತ್ತಿರವಾಗಿ ಬಾಡಿಗೆಗೆ ಒಂದು ಕೋಣೆ, ಬಾಡಿಗೆಯದೇ ವಾಹನ, ಒಂದು ತಕ್ಕಡಿ, ನೂರು ಕ್ರೇಟು, ಮತ್ತು ಎರಡು ತಿಂಗಳ ಬಾಕಿಯನ್ನು ತಾಳಿಕೊಳ್ಳುವಷ್ಟು ಹಣ ಇದ್ದರೆ ದಸರಾ ರಜೆಯವರೆಗೆ ನಡೆಸಿ ನೋಡಬಹುದು. ರಜೆಯ ಹೊತ್ತಿಗೆ ಪುಸ್ತಕದಲ್ಲಿ ಮೂರು ಅಂಕಿಗಳು ಸ್ಪಷ್ಟವಾಗಿರಬೇಕು: ದಿನಕ್ಕೆ ಸರಾಸರಿ ಎಷ್ಟು ಕಿಲೋ ಹೋಯಿತು, ಎಷ್ಟು ಕೊಳೆಯಿತು, ಯಾರ ಬಿಲ್ಲು ಎಷ್ಟು ದಿನಕ್ಕೆ ಬಂತು.